ಅಜ್ಜನ ಕ್ಯಾಮೆರಾ ಮಾರಿದರೆ ತಪ್ಪೇನು?

ಹಿರಿಯರ ವಸ್ತುವನ್ನು ಮಾರುವುದೆಂದರೆ ಅವರನ್ನು ಮರೆತಂತೆ ಎನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ನಾನು ಒಪ್ಪುವುದಿಲ್ಲ.

ನನ್ನ ಪಾಲಿಗೆ ಬಂದಿರುವುದು ಅಜ್ಜನ ಯಾಶಿಕಾ ಮ್ಯಾಟ್ 124ಜಿ. 1970ರಲ್ಲಿ ಮಾರುಕಟ್ಟೆಗೆ ಬಂದ ಜಪಾನಿನ ಮಾದರಿ. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ತೀರ್ಥಹಳ್ಳಿಯಲ್ಲಿ ಸ್ಟುಡಿಯೊ ಇಟ್ಟಿದ್ದ ಅಜ್ಜ ಊರಿನ ಮದುವೆ, ನಾಮಕರಣಗಳನ್ನೆಲ್ಲ ಇದರಲ್ಲೇ ತೆಗೆದರು. ನನಗೀಗ ಬಿಇ ಪ್ರಾಜೆಕ್ಟ್‌ಗೆ ಲ್ಯಾಪ್‌ಟಾಪ್ ಬೇಕು. ಮಾರುತ್ತೇನೆ ಎಂದದ್ದಕ್ಕೆ ಅತ್ತೆ, ‘ಅಪ್ಪ ಕೈಯಲ್ಲಿ ಹಿಡಿದಿದ್ದನ್ನ ಮಾರ್ತೀಯೇನೋ?’ ಎಂದು ಕಣ್ಣೀರು ಹಾಕಿದರು.

ಅವರ ನೋವು ಅರ್ಥವಾಗುತ್ತದೆ. ಆದರೆ ಬೀರುವಿನಲ್ಲಿಟ್ಟರೆ ಕ್ಯಾಮೆರಾ ಉಳಿಯುತ್ತದೆಯೇ? ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅದೇ ಬೂಷ್ಟು ಲೆನ್ಸಿನ ಲೇಪನ ತಿಂದರೆ ಒರೆಸಿದರೂ ಹೋಗದು. ಬಳಸದೆ ಬಿಟ್ಟ ಶಟರ್‌ನೊಳಗಿನ ಎಣ್ಣೆ ಗಟ್ಟಿಯಾಗಿ ವೇಗ ತಪ್ಪುತ್ತದೆ. ಯಂತ್ರವನ್ನು ಓಡಿಸುವುದೇ ಅದಕ್ಕೆ ಕೊಡುವ ಮರ್ಯಾದೆ. ಇದರ ಶಟರ್‌ಗೆ ಸೆಲ್ ಕೂಡ ಬೇಡ; 120 ರೋಲ್ ಇಂದಿಗೂ ಸಿಗುತ್ತದೆ. ಆದರೆ ಒಂದು ರೋಲಿಗೆ 12 ಚಿತ್ರ ಮಾತ್ರ. ರೋಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವ ಖರ್ಚು ನನ್ನಂಥವನಿಗೆ ಎಟುಕದು. ಎಟುಕುವವರ ಕೈಗೆ ಹೋಗಲಿ.

ಇಂಥ ಕ್ಯಾಮೆರಾಗಳು ಜಗತ್ತಿನಲ್ಲಿ ಸಾವಿರಾರಿವೆ. ಅಜ್ಜ ತೆಗೆದ ನೆಗೆಟಿವ್‌ಗಳು ಮಾತ್ರ ನಮ್ಮ ಅಟ್ಟ ಬಿಟ್ಟರೆ ಇನ್ನೆಲ್ಲೂ ಇಲ್ಲ. ಬಿಸ್ಕತ್ತಿನ ಡಬ್ಬಿಗಳಲ್ಲಿ ಅವು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಊರಿನ ಯಾರದೋ ತಾಯಿಯ ಒಂದೇ ಒಂದು ಚಿತ್ರ ಅದರಲ್ಲಿರಬಹುದು. ಅವುಗಳಿಗಾಗಿ ನಮ್ಮ ಮನೆಯಲ್ಲಿ ಯಾರೂ ಅತ್ತಿಲ್ಲ, ಜಗಳವನ್ನೂ ಆಡಿಲ್ಲ. ಹಾಗಾಗಿ ಕ್ಯಾಮೆರಾದಿಂದ ಬರುವ ಹಣದ ಮೊದಲ ಪಾಲು ನೆಗೆಟಿವ್ ಸ್ಕ್ಯಾನ್ ಮಾಡಿಸುವುದಕ್ಕೆ, ಉಳಿದದ್ದು ಲ್ಯಾಪ್‌ಟಾಪಿಗೆ.

ಮಾರುವುದಾದರೆ ಮರ್ಯಾದೆಯಿಂದ ಮಾರೋಣ. ‘ಅಪರೂಪದ್ದು’ ಎಂದು ಸುಳ್ಳು ಹೇಳಿ ಬೆಲೆ ಏರಿಸುವುದೂ ಬೇಡ, ಗುಜರಿ ರೇಟಿಗೆ ಕೊಡುವುದೂ ಬೇಡ. ಟಾರ್ಚ್ ಬಿಟ್ಟು ಲೆನ್ಸ್ ತೋರಿಸಿ, ಶಟರ್‌ನ ಎಲ್ಲ ವೇಗಗಳನ್ನೂ ಓಡಿಸಿ ತೋರಿಸಿ, ಕೆಟ್ಟದ್ದಿದ್ದರೆ ಮೊದಲೇ ಹೇಳಿ. ಹಿಂಬದಿ ತೆರೆಯುವ ಮುನ್ನ ಕೌಂಟರ್ ನೋಡಿ. ಯಾರೋ ತೆಗೆದ ಕೊನೆಯ ರೋಲ್ ಒಳಗೇ ಇರಬಹುದು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಇಟ್ಟುಕೊಳ್ಳಿ, ಇಲ್ಲವೇ ಮಾರಿ. ಆದರೆ ಮಳೆಗಾಲಕ್ಕೆ ಮುಂಚೆ ನೆಗೆಟಿವ್ ಡಬ್ಬಿಯನ್ನು ಅಟ್ಟದಿಂದ ಇಳಿಸಿಬಿಡಿ.