ಮ್ಯಾಜಿಸ್ಟ್ರೇಟರ ಅಧಿಕಾರವೂ ಬಡವನ ಜುಲ್ಮಾನೆಯೂ

ಬಡವನು ನ್ಯಾಯದ ಮುಖವನ್ನು ಕಾಣುವುದು ತಾಲೂಕಿನ ಫೌಜದಾರಿ ಕೋರ್ಟಿನಲ್ಲಿ. ಹೈಕೋರ್ಟಿನ ಮೆಟ್ಟಿಲೇರುವ ಶಕ್ತಿ ಅವನಿಗೆಲ್ಲಿಯದು? ಆದುದರಿಂದ ಕೆಳಗಿನ ಮ್ಯಾಜಿಸ್ಟ್ರೇಟರಿಗಿರುವ ದಂಡನಾಧಿಕಾರವು ವಕೀಲರು ಮಾತ್ರ ಅರಿತಿರಬೇಕಾದ ವಿಷಯವಲ್ಲ.

1898ನೆಯ ಇಸವಿಯ ಕ್ರಿಮಿನಲ್ ಪ್ರೊಸೀಜರ್ ಕೋಡು ಮೊದಲನೆಯ ವರ್ಗದ ಮ್ಯಾಜಿಸ್ಟ್ರೇಟರಿಗೆ ಮೂಲತಃ ಕೊಟ್ಟಿದ್ದ ಅಧಿಕಾರವು 2 ವರ್ಷಗಳ ಸಜೆ, 1,000 ರೂಪಾಯಿ ಜುಲ್ಮಾನೆ. 1973ರ ಕೋಡು ಇದನ್ನು 3 ವರ್ಷ, 5,000 ರೂಪಾಯಿಗಳಿಗೆ ಏರಿಸಿತು; 2005ರ ತಿದ್ದುಪಡಿಯು ಜುಲ್ಮಾನೆಯನ್ನು 10,000ಕ್ಕೆ ಒಯ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸಜೆಯ ಮಿತಿಯು 3 ವರ್ಷವಾಗಿಯೇ ಉಳಿದು, ಜುಲ್ಮಾನೆಯ ಮಿತಿಯು ಮಾತ್ರ 50,000 ರೂಪಾಯಿಗಳಾಗಿದೆ. ಎರಡನೆಯ ವರ್ಗದವರಿಗೆ 1 ವರ್ಷ, 10,000 ರೂಪಾಯಿ.

ರೂಪಾಯಿಯ ಬೆಲೆ ಕುಸಿದಿರಲು ಮಿತಿಯನ್ನು ಏರಿಸಿದ್ದೇ ತಪ್ಪೆಂದು ನಾವು ಹೇಳೆವು. ಆದರೆ ಒಂದು ತಿಂಗಳ ಸಜೆಯು ಸಾಹುಕಾರನಿಗೂ ಕೂಲಿಕಾರನಿಗೂ ಒಂದೇ ತಿಂಗಳು. ಹತ್ತು ಸಾವಿರ ರೂಪಾಯಿಯಾದರೋ ಒಬ್ಬನಿಗೆ ಕಿಸೆಯ ಚಿಲ್ಲರೆ, ಮತ್ತೊಬ್ಬನಿಗೆ ಮನೆಯಾಕೆಯ ತಾಳಿ. ಜುಲ್ಮಾನೆಗೆ ಮಾತ್ರ ಗುರಿಯಾಗುವ ಅಪರಾಧದಲ್ಲಿ ಹಣ ತೆರಲಾರದವನಿಗೆ 1860ರ ದಂಡಸಂಹಿತೆಯಂತೆ ಹೆಚ್ಚೆಂದರೆ 6 ತಿಂಗಳ ಸಾದಾ ಸಜೆಯಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಂತೆ, ಜುಲ್ಮಾನೆಯು 10,000 ರೂಪಾಯಿಗಳನ್ನು ಮೀರಿದಲ್ಲಿ, ಅದು 1 ವರ್ಷದವರೆಗೂ ಹೋಗಬಹುದು. ಸೆರೆಮನೆಗೆ ತಕ್ಕುದಲ್ಲವೆಂದು ಕಾಯಿದೆಯೇ ಎಣಿಸಿದ ತಪ್ಪಿಗಾಗಿ ಒಬ್ಬನು ಕೇವಲ ತನ್ನ ಬಡತನದಿಂದ ಸೆರೆಮನೆಯನ್ನು ಸೇರುವುದು ಯಾವ ನ್ಯಾಯ?

ಪರಿಹಾರವು ಕಾಯಿದೆಯಲ್ಲಿಯೇ ಇರುತ್ತದೆ. ಮೊತ್ತವನ್ನು ನಿಗದಿಪಡಿಸದ ಕಡೆ ಜುಲ್ಮಾನೆಯು ಅತಿಯಾಗಕೂಡದೆಂದು ಸಂಹಿತೆಯೇ ಹೇಳಿದೆ. ತಪ್ಪಿತಸ್ಥನ ಗಳಿಕೆಯನ್ನು ವಿಚಾರಿಸದೆ ಅತಿಯಾವುದು, ಮಿತವಾವುದು ಎಂದು ತಿಳಿಯುವ ಬಗೆ ಹೇಗೆ? ಜುಲ್ಮಾನೆಯೊಂದನ್ನೇ ವಿಧಿಸಿದಲ್ಲಿ ಅದನ್ನು ತೆರಲು 30 ದಿನಗಳ ಅವಕಾಶವನ್ನಾಗಲಿ, ಎರಡು ಮೂರು ಕಂತುಗಳನ್ನಾಗಲಿ ಕೊಡಬಹುದು. ಮೊದಲ ಸಲ ತಪ್ಪಿದವನನ್ನು ತಕ್ಕ ಸಂದರ್ಭಗಳಲ್ಲಿ ಬುದ್ಧಿ ಹೇಳಿ ಬಿಡುವುದಕ್ಕೆ 1958ರ ಪ್ರೊಬೇಷನ್ ಕಾಯಿದೆಯ ಆಧಾರವಿದೆ. 5,000 ರೂಪಾಯಿಗೆ ಕಡಿಮೆಯಾದ ಮೊದಲ ಕಳವಿನಲ್ಲಿ, ಮಾಲನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯೇ ಶಿಕ್ಷೆ.

ಆದುದರಿಂದ ಮ್ಯಾಜಿಸ್ಟ್ರೇಟರು ಜುಲ್ಮಾನೆಯನ್ನು ಗೊತ್ತುಪಡಿಸುವ ಮುನ್ನ ತಪ್ಪಿತಸ್ಥನ ಕಸುಬು, ವರಮಾನ, ಸಂಸಾರದ ಭಾರ ಇವುಗಳನ್ನು ಕೇಳಿ ತೀರ್ಪಿನಲ್ಲಿ ಬರೆಯಬೇಕೆಂಬ ನಿಯಮವಾಗತಕ್ಕದ್ದು. ಅಲ್ಲಿಯವರೆಗೆ, ಹಳ್ಳಿಯವರು ಅರ್ಜಿ ಬರೆಯಿಸಲು ಬರುವುದು ಮಾಸ್ತರರ ಬಳಿಗೇ ಆದುದರಿಂದ, ಕಂತು ಕೇಳುವ ಹಕ್ಕನ್ನು ಅವರಿಗೆ ತಿಳಿಸಿ ಹೇಳುವ ಕರ್ತವ್ಯವು ನಮ್ಮ ವಾಚಕರದು. ಅಧಿಕಾರವು ಹೆಚ್ಚಿದಷ್ಟು ವಿವೇಕವೂ ಹೆಚ್ಚಲಿ.