ಗುಂಡಿ ಒತ್ತಿದೊಡನೆ ಹಾರುವ ವಿಮಾನ

ವಿಮಾನಯುದ್ಧದ ವಿಡಿಯೋ ಆಟಗಳಲ್ಲಿ ಪಳಗಿದ ನಮ್ಮ ತರುಣರು ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುವುದುಂಟು: ಶತ್ರುವಿನ ಸುಳಿವು ಸಿಕ್ಕಿದ ಎಷ್ಟು ಹೊತ್ತಿಗೆ ನಿಜವಾದ ಜೆಟ್ ವಿಮಾನವು ಆಕಾಶಕ್ಕೇರಬಲ್ಲುದು? ಇದು ಹುಡುಗಾಟದ ಪ್ರಶ್ನೆಯೆಂದು ತಳ್ಳಿಬಿಡತಕ್ಕದ್ದಲ್ಲ. ತಮ್ಮ ಆಕಾಶವನ್ನು ಕಾಯುವವರಿಂದ ಪ್ರಜೆಗಳು ಏನನ್ನು ಅಪೇಕ್ಷಿಸಬಹುದು, ಅದಕ್ಕಾಗಿ ಯಾವ ಬೆಲೆಯನ್ನು ತೆರಬೇಕು ಎಂಬುದು ಇದರ ಉತ್ತರದಲ್ಲಿ ಅಡಗಿರುವುದು.

ಉತ್ತರವು ಯಂತ್ರದ ವೇಗದಲ್ಲಿಲ್ಲ. ಸುಮ್ಮನೆ ನಿಲ್ಲಿಸಿಟ್ಟ ವಿಮಾನವನ್ನು ಎಬ್ಬಿಸಬೇಕಾದರೆ ಎಂಜಿನನ್ನು ಹೂಡಬೇಕು, ರೆಕ್ಕೆ ಬಾಲಗಳ ಚಲನೆಯನ್ನು ಪರೀಕ್ಷಿಸಬೇಕು, ದಿಕ್ಕು ತೋರುವ ಯಂತ್ರವು ತಾನು ನಿಂತ ಠಾವನ್ನು ಅರಿತುಕೊಳ್ಳುವವರೆಗೆ ಕಾಯಬೇಕು, ಕ್ಷಿಪಣಿಗಳ ರಕ್ಷಣೆಯ ಪಿನ್ನುಗಳನ್ನು ನೆಲದ ಸಿಬ್ಬಂದಿಯವರು ಕೀಳಬೇಕು. ಆದುದರಿಂದಲೇ ಕಾವಲಿಗೆಂದು ಗೊತ್ತುಮಾಡಿದ ಒಂದೆರಡು ವಿಮಾನಗಳಲ್ಲಿ ಈ ಕೆಲಸದ ಬಹುಪಾಲನ್ನು ಮೊದಲೇ ತೀರಿಸಿಟ್ಟು, ವೈಮಾನಿಕರು ಉಡುಪು ತೊಟ್ಟು ಮಗ್ಗುಲಲ್ಲೇ ಕಾದಿರುವರು. ಯುರೋಪಿನ ಅನೇಕ ದೇಶಗಳಲ್ಲಿ ಅಂತಹ ಜೋಡಿಯು 15 ನಿಮಿಷಗಳೊಳಗೆ ಹಾರಬೇಕೆಂಬ ನಿಯಮವಿದೆ. ವೈಮಾನಿಕನು ಆಸನದಲ್ಲೇ ಕುಳಿತಿದ್ದರೆ ಇನ್ನೂ ಬೇಗ ಹಾರಿಯಾನು. ಆದರೆ ಎಷ್ಟು ಹೊತ್ತು ಕುಳಿತಾನು? ಅವನ ಮುಂದಿನ ಪಾಳಿಗೆ ಯಾರು? ಅವನಿಗೆ ಅಪ್ಪಣೆ ಕೊಡುವವನು ಎಚ್ಚರವಿರುವನೆ?

2001ರ ಸೆಪ್ಟೆಂಬರ್ 11ರ ಬೆಳಗಿನ ಗಡಿಯಾರವನ್ನೇ ನೋಡೋಣ. ವಿಮಾನದ ಅಪಹರಣವಾಗಿದೆಯೆಂಬ ಸುದ್ದಿಯು ಅಮೆರಿಕದ ಈಶಾನ್ಯ ವಾಯುರಕ್ಷಣಾ ಕೇಂದ್ರವನ್ನು ಮುಟ್ಟಿದ್ದು 8.38ರ ಸುಮಾರಿಗೆ. ಓಟಿಸ್ ನೆಲೆಯ ಎರಡು ಎಫ್-15 ವಿಮಾನಗಳಿಗೆ ಹಾರುವ ಅಪ್ಪಣೆ ದೊರೆತದ್ದು 8.46ಕ್ಕೆ. ಅದೇ ನಿಮಿಷದಲ್ಲಿ ನ್ಯೂಯಾರ್ಕಿನ ಮೊದಲ ಗೋಪುರಕ್ಕೆ ಪೆಟ್ಟು ಬಿದ್ದಿತು. 8.53ಕ್ಕೆ ಅವೆರಡೂ ಆಕಾಶದಲ್ಲಿದ್ದುವು. ಅಪ್ಪಣೆಯಾದ ಏಳು ನಿಮಿಷಗಳಲ್ಲಿ ಹಾರಿದವರನ್ನು ನಿಧಾನಸ್ಥರೆನ್ನಲಾಗದು. ಆದರೆ ಹಾರಿ ಹೋಗುವುದೆಲ್ಲಿಗೆ? ಅಪಹೃತ ವಿಮಾನದ ಗುರುತು ತಿಳಿಸುವ ಯಂತ್ರವನ್ನು ದುಷ್ಟರು ಆರಿಸಿಬಿಟ್ಟಿದ್ದರು. ಗುರಿ ಕಾಣದೆ ಆ ಜೋಡಿಯನ್ನು ಲಾಂಗ್ ಐಲೆಂಡಿನಾಚೆ ಸಮುದ್ರದ ಮೇಲೆ ಕಳುಹಿಸಲಾಯಿತು. 9.03ಕ್ಕೆ ಎರಡನೆಯ ಗೋಪುರಕ್ಕೂ ಪೆಟ್ಟು ಬಿದ್ದಿತು. ಅಷ್ಟು ವಿಸ್ತಾರವಾದ ದೇಶದಲ್ಲಿ ಆ ದಿನ ಕಾವಲಿಗಿದ್ದ ಯುದ್ಧವಿಮಾನಗಳು ಹದಿನಾಲ್ಕೇ. ಅಲ್ಲಿ ಸಾಲದೆ ಹೋದದ್ದು ಎಂಜಿನ್ನಿನ ಶಕ್ತಿಯಲ್ಲ. ಸುದ್ದಿ, ಗುರುತು, ಅಪ್ಪಣೆ ಇವುಗಳ ಸರಪಳಿ.

ತ್ವರೆಯೊಂದನ್ನೇ ಹೊಗಳುವವರು ನಮ್ಮದೇ ಒಂದು ದುಃಖವನ್ನೂ ನೆನೆಯಬೇಕು. 2019ರ ಫೆಬ್ರವರಿ 27ರಂದು ಶ್ರೀನಗರದ ಬಳಿ ನಮ್ಮ ಕ್ಷಿಪಣಿಯೇ ನಮ್ಮ ಎಂಐ-17 ಹೆಲಿಕಾಪ್ಟರನ್ನು ಕೆಡವಿತು. ವಿಮಾನದಳದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಮಡಿದರು. ದಳದ ಮುಖ್ಯಸ್ಥರು ಅದೇ ಅಕ್ಟೋಬರಿನಲ್ಲಿ ತಪ್ಪನ್ನು ಒಪ್ಪಿಕೊಂಡರು. ಆಟದ ತೆರೆಯ ಮೇಲಾದರೋ ಶತ್ರುವಿನ ನೆತ್ತಿಗೆ ಕೆಂಪು ಗುರುತು ಅಂಟಿಯೇ ಇರುವುದು!

ಸ್ವಿಟ್ಜರ್ಲೆಂಡಿನ ಕಥೆ ನಗುವಂತಹದು, ಆದರೆ ನಕ್ಕು ಮರೆಯುವಂತಹದಲ್ಲ. 2014ರ ಫೆಬ್ರವರಿ 17ರ ನಸುಕಿನಲ್ಲಿ ಇಥಿಯೋಪಿಯದ ವಿಮಾನವೊಂದರ ಉಪಚಾಲಕನು, ಮುಖ್ಯಚಾಲಕನು ಶೌಚಕ್ಕೆ ಹೋದಾಗ ಬಾಗಿಲು ಹಾಕಿಕೊಂಡು, ರೋಮಿಗೆ ಹೊರಟಿದ್ದ ಇನ್ನೂರು ಜನರನ್ನು ಜಿನೀವಾಕ್ಕೆ ಒಯ್ದನು. ಬೆನ್ನಟ್ಟಿ ಬಂದುವು ಇಟಲಿ, ಫ್ರಾನ್ಸುಗಳ ವಿಮಾನಗಳು. ಸ್ವಿಸ್ ವಿಮಾನಗಳೆಲ್ಲಿ? ಅವುಗಳ ಕಾವಲು ಕಚೇರಿಯ ವೇಳೆಯಲ್ಲಿ ಮಾತ್ರ, ನಡುವೆ ಊಟದ ಬಿಡುವು ಬೇರೆ! ಆ ಶ್ರೀಮಂತ ರಾಷ್ಟ್ರದಲ್ಲಿ ಒಳ್ಳೆಯ ಎಫ್-18 ವಿಮಾನಗಳಿಗೆ ಬರವಿರಲಿಲ್ಲ. ರಾತ್ರಿ ಎಚ್ಚರವಿರುವ ಮನುಷ್ಯರಿಗೆ ಸಂಬಳದ ಏರ್ಪಾಟಿರಲಿಲ್ಲ. ಎರಡು ವಿಮಾನಗಳು ಹಗಲಿರುಳೂ 15 ನಿಮಿಷಗಳ ಸನ್ನದ್ಧತೆಯಲ್ಲಿರುವ ವ್ಯವಸ್ಥೆ ಅಲ್ಲಿ ಪೂರ್ಣವಾಗಿ ಜಾರಿಗೆ ಬಂದುದು 2020ರ ಕೊನೆಗೆ.

ಈಗ ಆಟಗಳ ವಿಚಾರ. ಏಸ್ ಕಾಂಬ್ಯಾಟ್ ಎಂಬ ಪ್ರಸಿದ್ಧವಾದ ಆಟದಲ್ಲಿ ವಿಮಾನವು ಹತ್ತಾರು ಕ್ಷಿಪಣಿಗಳನ್ನು ಹೊತ್ತು ಹಾರುವುದು. ಅದನ್ನು ಯಾರೂ ನಿಜವೆಂದು ನಂಬರು, ಆದಕಾರಣ ಅದರಿಂದ ಅಷ್ಟಾಗಿ ಕೇಡಿಲ್ಲ. ಡಿ.ಸಿ.ಎಸ್. ಎಂಬುದರ ಪರಿ ಬೇರೆ. ಅದರಲ್ಲಿ ಒಂದೊಂದು ಗುಂಡಿಯನ್ನೂ ಕ್ರಮ ತಪ್ಪದೆ ಒತ್ತಿ ತಣ್ಣಗಿರುವ ವಿಮಾನವನ್ನು ಎಬ್ಬಿಸಬೇಕು. ಈ ಶ್ರಮವು ಸ್ತುತ್ಯವಾದುದೇ. ಆದರೆ ಬೇಸರವಾದವನಿಗೆ ಒಂದೇ ಒತ್ತಿನಲ್ಲಿ ಇದೆಲ್ಲವನ್ನೂ ಮುಗಿಸುವ ಅನುಕೂಲವೂ ಅಲ್ಲುಂಟು. ಗುಂಡಿಗಳು ನಿಜ, ಕಾಯುವಿಕೆ ಮಾತ್ರ ನಿಜವಲ್ಲ.

ಆಟವು ರಂಜಿಸಬೇಕು, ಒಪ್ಪಿದೆವು. ನಮ್ಮ ತಕರಾರು 'ವಾಸ್ತವ' ಎಂಬ ಮುದ್ರೆಯ ಬಗ್ಗೆ. 2022ರಲ್ಲಿ ಯುಕ್ರೇನಿನ ಯುದ್ಧ ಹತ್ತಿದಾಗ ಡಿ.ಸಿ.ಎಸ್. ಆಟದ ದೃಶ್ಯವೊಂದು 'ಕೀವಿನ ಭೂತ'ವೆಂಬ ವೀರ ವೈಮಾನಿಕನ ಸಾಹಸವೆಂದು ಲಕ್ಷಾಂತರ ಜನರ ಕಣ್ಣಿಗೆ ಬಿದ್ದಿತು. ಅಂಥವನೊಬ್ಬನು ಇರಲಿಲ್ಲವೆಂದು ಯುಕ್ರೇನಿನ ವಿಮಾನದಳವೇ ಬಳಿಕ ತಿಳಿಸಿತು. 2025ರ ಮೇ ತಿಂಗಳ ಸಂಘರ್ಷದಲ್ಲಿ ನಮ್ಮ ನಡುವೆಯೂ ಆಟದ ಚಿತ್ರಗಳು ಯುದ್ಧದ ಚಿತ್ರಗಳಾಗಿ ಓಡಾಡಿದುವು. ಯುದ್ಧವನ್ನು ಇಂತಹ ತೆರೆಯ ಮೇಲೆ ಕಲಿತ ಮತದಾರನು ಇನ್ನಷ್ಟು ವಿಮಾನಗಳು ಬೇಕೆಂದು ಕೂಗುವನು. ರಾತ್ರಿಪಾಳಿಯ ರಾಡಾರ್ ನೌಕರನ ನೆನಪು ಅವನಿಗೆ ಬರುವುದು ದುರ್ಲಭ.

ಆಟ ತಯಾರಿಸುವವರಿಗೆ ನಮ್ಮದೊಂದು ವಿನಂತಿ. ಒಂದೇ ಒಂದು ಅಂಕವನ್ನು ಸೇರಿಸಲಿ: ಆಟಗಾರನು ರಾತ್ರಿಯಿಡೀ ಉಡುಪು ತೊಟ್ಟು ಕುಳಿತಿರಬೇಕು, ನಸುಕಿಗೆ ಗಂಟೆ ಬಾರಿಸಬೇಕು, ಓಡಿ ಏರಿ ಹಾರಿ ನೋಡಿದರೆ, ರೇಡಿಯೋ ಕೆಟ್ಟು ದಾರಿ ತಪ್ಪಿದ ಪ್ರಯಾಣಿಕರ ವಿಮಾನವಾಗಿರಬೇಕು. ಅದನ್ನು ಎಷ್ಟು ಮಂದಿ ಕೊಳ್ಳುವರೆಂದು ತಿಳಿಯುವ ಕುತೂಹಲ ನಮಗಿದೆ.