ಮೇಜಿನ ಮೇಲೊಂದು ಮೋಟಾರು ಗಾಡಿ

ಮೋಟಾರು ಗಾಡಿಯೆಂದರೆ ಇಂಜಿನ್ನು, ಗೇರು, ಗಾಲಿಗಳ ಜೋಡಣೆಯೆಂಬ ಮಾತು ಇಂದು ಅರ್ಧ ಮಾತ್ರ ನಿಜ. ಇಂಜಿನ್ನಿಗೊಂದು, ಬ್ರೇಕಿಗೊಂದು, ಬಾಗಿಲುಗಳಿಗೊಂದು, ವೇಗ ತೋರಿಸುವ ಫಲಕಕ್ಕೊಂದು ಎಂಬಂತೆ ಹಲವು ಮೈಕ್ರೋಕಂಟ್ರೋಲರುಗಳು ಅದರೊಳಗೆ ಕುಳಿತು ಎಡೆಬಿಡದೆ ಪರಸ್ಪರ ಸುದ್ದಿ ಮುಟ್ಟಿಸುತ್ತಿರುತ್ತವೆ. ಈ ವ್ಯವಹಾರವನ್ನು ಕಲಿಸಲು ಗಣಕದ ಪರದೆಯ ಮೇಲಿನ ಅನುಕರಣೆಯೇ ಸಾಕೆನ್ನುವವರುಂಟು. ಅದು ಸಾಲದು.

ಜರ್ಮನಿಯ ಬಾಷ್ ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾಗಿ, 1986ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಪ್ರಕಟವಾದ 'ಕ್ಯಾನ್' ಪದ್ಧತಿಯೇ ಈ ಸಂವಹನದ ಬೆನ್ನೆಲುಬು. ಒಂದಕ್ಕೊಂದು ಹೆಣೆದ ಎರಡು ತಂತಿಗಳು. ಎಲ್ಲ ಘಟಕಗಳೂ ಅದೇ ಜೋಡಿಗೆ ಸೇರಿರುತ್ತವೆ. ಎರಡು ಘಟಕಗಳು ಒಮ್ಮೆಗೇ ಮಾತನಾಡತೊಡಗಿದರೆ ಗತಿಯೇನು? ಪ್ರತಿ ಸಂದೇಶವೂ ತನ್ನ ಸಂಖ್ಯೆಯಿಂದ ಮೊದಲಾಗುತ್ತದೆ. ತಂತಿಯ ಮೇಲೆ 'ಸೊನ್ನೆ'ಯು 'ಒಂದ'ನ್ನು ಅಡಗಿಸುತ್ತದೆ. ತಾನು ಒಂದನ್ನು ಕಳುಹಿಸಿ ಸೊನ್ನೆಯನ್ನು ಕಂಡ ಘಟಕ ಆ ಕ್ಷಣವೇ ಮೌನ ತಾಳುತ್ತದೆ. ಚಿಕ್ಕ ಸಂಖ್ಯೆಯ ಸಂದೇಶ ಕಿಂಚಿತ್ತೂ ಕೆಡದೆ ಮುಂದೆ ಸಾಗುತ್ತದೆ. ಕಿಟಕಿಯ ಗಾಜಿಗಿಂತ ಬ್ರೇಕಿಗೆ ಚಿಕ್ಕ ಸಂಖ್ಯೆ ಕೊಡುವುದೇಕೆಂದು ವಿದ್ಯಾರ್ಥಿಗೆ ಬೇರೆ ಹೇಳಬೇಕಿಲ್ಲ.

ಇನ್ನು ಡ್ರೈವರುಗಳ ವಿಚಾರ. (ಈ ಶಬ್ದ ಇಲ್ಲಿ ಗಾಡಿ ನಡೆಸುವವನಿಗೆ ಸಲ್ಲದು, ಚಿಪ್ಪಿನ ಬಿಡಿ ಭಾಗಗಳನ್ನು ನಡೆಸುವ ತಂತ್ರಾಂಶಕ್ಕೆ ಸಲ್ಲುತ್ತದೆ.) ಒಂದೊಂದು ಚಿಪ್ಪಿಗೂ ಒಂದೊಂದು ರೀತಿಯ ತಂತ್ರಾಂಶ ಬರೆಯುವ ಗೋಜು ತಪ್ಪಲೆಂದು ವಾಹನ ತಯಾರಕರೂ ಬಿಡಿಭಾಗ ತಯಾರಕರೂ ಕೂಡಿ 2003ರಲ್ಲಿ 'ಆಟೋಸಾರ್' ಒಕ್ಕೂಟವನ್ನು ಸ್ಥಾಪಿಸಿದರು. ಕೆಳಗೆ ಚಿಪ್ಪು ಯಾವುದೇ ಇರಲಿ, ಮೇಲಿನ ತಂತ್ರಾಂಶ ಅದನ್ನು ಕೇಳುವ ರೀತಿ ಒಂದೇ. ಇದು ದೊಡ್ಡ ಉಪಕಾರ. ಆದರೆ ಕಲಿಯುವವನಿಗೆ ಇದರಲ್ಲಿ ಒಂದು ಅಪಾಯವೂ ಇದೆ: ಸಿದ್ಧ ಡ್ರೈವರಿನ ಪಟ್ಟಿಗಳನ್ನು ತುಂಬುವುದರಲ್ಲಿ ನಿಪುಣನಾಗಿ, ತಂತಿಯ ಮೇಲೆ ನಡೆಯುವುದನ್ನು ಅವನು ಕಾಣದೆಯೇ ಹೋಗಬಹುದು.

ಲಿನಕ್ಸ್ ವ್ಯವಸ್ಥೆಯಲ್ಲಿ 2008ರಿಂದಲೂ ತಂತಿಯಿಲ್ಲದ, ಕಲ್ಪಿತ ಕ್ಯಾನ್ ಜಾಲ ದೊರೆಯುತ್ತದೆ. ಖರ್ಚಿಲ್ಲ, ಮೊದಲ ಪಾಠಕ್ಕೆ ಒಳ್ಳೆಯದೇ. ಆದರೆ ಅಲ್ಲಿ ಕಿತ್ತುಹೋಗಲು ತಂತಿಯಿಲ್ಲ, ಮರೆತುಹೋಗಲು ರೋಧಕವಿಲ್ಲ. ಮೇಜಿನ ಮೇಲೆ ನಾಲ್ಕು ಮೈಕ್ರೋಕಂಟ್ರೋಲರ್ ಹಲಗೆಗಳನ್ನಿಟ್ಟು, ಜೋಡಿ ತಂತಿಯಿಂದ ಕೂಡಿಸಿ, ಎರಡು ತುದಿಗೂ 120 ಓಮ್ ರೋಧಕ ಹಾಕಿದರೆ ಕತೆಯೇ ಬೇರೆ. ತಿರುಗಿಸುವ ಗುಂಡಿಯೊಂದು ಆಕ್ಸಿಲರೇಟರು. ಕೆಂಪು ದೀಪವೊಂದು ಬ್ರೇಕಿನ ಸೂಚನೆ. ಗಿಡ್ಡ ತಂತಿಯಲ್ಲಿ, ಕಡಿಮೆ ವೇಗದಲ್ಲಿ, ರೋಧಕವೊಂದನ್ನು ಕಿತ್ತರೂ ಎಲ್ಲವೂ ನೆಟ್ಟಗಿರುವಂತೆ ತೋರಿ ಹುಡುಗರನ್ನು ಮೋಸಗೊಳಿಸಬಹುದು. ತಂತಿಯನ್ನು ಉದ್ದಗೊಳಿಸಿ ವೇಗ ಏರಿಸಿದಾಗ ತುದಿಯಿಂದ ಹಿಮ್ಮರಳುವ ಅಲೆಗಳು ಸಂದೇಶವನ್ನು ಕೆಡಿಸುತ್ತವೆ. ಕಳುಹಿಸುವ ಘಟಕದ ತಪ್ಪಿನ ಎಣಿಕೆ 255ನ್ನು ಮೀರಿತೆಂದರೆ ಅದು ತಾನಾಗಿಯೇ ಜಾಲದಿಂದ ಹೊರಗುಳಿಯುತ್ತದೆ. ಓಡುವ ಗಾಡಿಯಲ್ಲಿ ಆ ಘಟಕ ಬ್ರೇಕಿನದಾಗಿದ್ದರೆ?

ನಾಲ್ಕು ಹಲಗೆಗಳೂ ಒಬ್ಬನೇ ತಯಾರಕನವು ಆಗಿರದಿರುವುದು ಲೇಸು. ಎರಡು ಬಗೆಯ ಚಿಪ್ಪುಗಳಿಗೆ ವಿದ್ಯಾರ್ಥಿ ತಾನೇ ಪುಟ್ಟ ಡ್ರೈವರ್ ಬರೆದು, ಮೇಲಿನ ತಂತ್ರಾಂಶವನ್ನು ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಸಾಗಿಸಿದಾಗಲೇ ಏಕರೂಪತೆಯ ಬೆಲೆ ಅವನಿಗೆ ತಿಳಿಯುವುದು.

ಬೆಂಗಳೂರಿನಲ್ಲಿ ಇದೇ ಬಾಷ್ ಸಂಸ್ಥೆಯ ದೊಡ್ಡ ತಂತ್ರಾಂಶ ಕೇಂದ್ರವಿದೆ. ಅಂಥಲ್ಲಿಗೆ ಹೋಗಬಯಸುವ ತರುಣರು ಇಂಥ ತಂತಿಯನ್ನು ಮೊದಲು ಮುಟ್ಟುವುದು ನೌಕರಿಯಲ್ಲಾಗಬಾರದು. ಪ್ರಯೋಗಾಲಯಕ್ಕೆ ಕೊಡುಗೆಯೆಂದೊಡನೆ ದಾನಿಗಳಿಗೆ ಅಡ್ಡ ಕೊಯ್ದು ಬಣ್ಣ ಬಳಿದ ಇಂಜಿನ್ನು ನೆನಪಾಗುವುದು ಸಹಜ. ಅದೂ ಇರಲಿ, ಅದರ ಪಕ್ಕದಲ್ಲಿ ಇದಕ್ಕೆ ಬೇಕಾದ ಜಾಗ ಒಂದು ಮೇಜಿನಷ್ಟೇ.